ತಿಗಣೆ ಯಾರ ಮನೆಯದು

ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟ ಮಂಚ ವಾಪಸು ಬಂದರೆ ನಮ್ಮ ಕಡೆ ಯಾರೂ ಕಾರಣ ಕೇಳುವುದಿಲ್ಲ. ಪಾತ್ರೆ ವಾಪಸು ಬಂದರೆ ಜಗಳ, ಬೀರು ವಾಪಸು ಬಂದರೆ ದೊಡ್ಡ ಜಗಳ, ಮಂಚ ಬಂದರೆ ಹುಡುಗಿಯನ್ನು ಬಿಟ್ಟರು ಎಂದೇ ಲೆಕ್ಕ. ರಾಚಮ್ಮನ ಮಗಳು ಲಕ್ಷ್ಮಿದೇವಿಯ ಮಂಚ ಭೀಮನಬೀಡಿಗೆ ವಾಪಸು ಬಂದದ್ದು ನಡುಮಧ್ಯಾಹ್ನ, ಲಗೇಜು ಆಟೋದಲ್ಲಿ. ಮಂಚ, ಸುರುಳಿ ಸುತ್ತಿದ ಹಾಸಿಗೆ, ಅವೆರಡರ ನಡುವೆ ಬಟ್ಟೆಯ ಬ್ಯಾಗು ಹಿಡಿದು ಕೂತ ಲಕ್ಷ್ಮಿದೇವಿ. ಸಾಮಾನಿನ ಜೊತೆ ಸಾಮಾನು.

ಆಟೋದವನು ಬೀದಿಯ ಮಧ್ಯದಲ್ಲೇ ಮಂಚ ಇಳಿಸತೊಡಗಿದ.

"ಯಾಕ್ಲಾ ಇಲ್ಲೇ ಇಳಿಸ್ತೀಯೆ? ನಮ್ಮಟ್ಟಿ ಅಗೋ ಅಲ್ಲಿ ಅದೆ," ಅಂದಳು ರಾಚಮ್ಮ. ಅವಳಿಗಿನ್ನೂ ಏನೂ ಗೊತ್ತಿಲ್ಲ.

"ಬೀದೀಲೇ ಇಳಿಸ್ಬುಟ್ಟು ಬಾ ಅಂದ್ರು ಕಣಕ್ಕ. ಒಳಿಕ್ಕೆ ಮುಟ್ಬೇಡ ಅಂದ್ರು."

"ಯಾರು ಅಂದದ್ದು?"

"ನಿಮ್ ಬೀಗ್ತಿ. ತಿಗಣೆ ಅದೆಯಂತೆ. ನಿಮ್ಮಟ್ಟಿಯಿಂದ ಬಂದದ್ದು ನಿಮ್ಮಟ್ಟಿಗೇ ಓಗ್ಲಿ ಅಂದ್ರು."

ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ಕೇಳಿಸಲಿ ಎಂದೇ ಹೇಳಿ ಕಳಿಸಿದ್ದರು. ರಾಚಮ್ಮ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮಗಳ ಕೈ ಹಿಡಿದು ಆಟೋದಿಂದ ಇಳಿಸಿದಳು, ರವಿಕೆಯ ತೋಳು ಸರಿಸಿ ನೋಡಿದಳು. ಮೊಣಕೈಯಿಂದ ಮೇಲಕ್ಕೆ ಸಾಲಾಗಿ ಕೆಂಪು ದದ್ದು, ಯಾರೋ ಸೂಜಿಯಲ್ಲಿ ಹೊಲಿಗೆ ಹಾಕಿದ ಹಾಗೆ.

"ತಿಗಣೇನೇಯ," ಅಂದಳು. "ತಿಗಣೆ ಸುಳ್ಳಲ್ಲ. ಮಿಕ್ಕಿದ್ದೆಲ್ಲ ಸುಳ್ಳು."

ರಾಚಮ್ಮನನ್ನು ನಾನು ನೋಡಿದ್ದು ಮನೆ ನಿವೇಶನದ ಹೋರಾಟದಲ್ಲಿ. ಚಾಮರಾಜನಗರದ ಕಚೇರಿ ಮುಂದೆ ಕೂತಿದ್ದ ನಮ್ಮನ್ನೆಲ್ಲ ಪೊಲೀಸರು ವ್ಯಾನಿಗೆ ತುಂಬುವಾಗ, ಹೆಂಗಸರ ಸಾಲಿನಲ್ಲಿ ಮೊದಲು ಹತ್ತಿದವಳು ಇವಳು. ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, "ಬನ್ರಮ್ಮಿ, ಬಸ್ ಚಾರ್ಜಿಲ್ಲ" ಅಂದಿದ್ದಳು. ಹುಟ್ಟಿದ್ದು ಗೋಪಾಲಸ್ವಾಮಿ ಬೆಟ್ಟದ ಬುಡದ ಒಂದು ಸಣ್ಣ ಊರಿನಲ್ಲಿ, ಆನೆ ಬರುವ ದಾರಿಯಲ್ಲಿ. ಭೀಮನಬೀಡಿಗೆ ಬಂದದ್ದು ಮರಿಯಪ್ಪನನ್ನು ಕಟ್ಟಿಕೊಂಡು. ಮರಿಯಪ್ಪ ಆಡು ಮೇಯಿಸುವ ಸಾಧು ಮನುಷ್ಯ. ಆಡುಗಳ ಜೊತೆ ಆಡುವ ಮಾತಿನ ಅರ್ಧದಷ್ಟನ್ನೂ ಮನುಷ್ಯರ ಜೊತೆ ಆಡಿದವನಲ್ಲ. ಮನೆ ನಡೆದದ್ದು ರಾಚಮ್ಮನ ಬಾಯಿಂದ, ಅವಳ ಕೈಯಿಂದ. ಚೆಂಡು ಹೂ ಬಿಡಿಸುವುದು, ಅರಿಸಿನ ಕೀಳುವುದು, ಸಣ್ಣೀರುಳ್ಳಿ ಬಿಡಿಸುವುದು, ಯಾವ ಕೆಲಸವಿದ್ದರೂ ಬೀದಿಯ ಹೆಂಗಸರನ್ನು ಗುಂಪು ಕಟ್ಟಿಕೊಂಡು ಹೋಗುವವಳು ಅವಳೇ. ಧಣಿಗಳ ಹತ್ತಿರ ಕೂಲಿ ಮಾತಾಡುವವಳೂ ಅವಳೇ. ಹಾಗೆ ಬದುಕಿ ಮಗಳನ್ನು ಪಿಯುಸಿವರೆಗೆ ಓದಿಸಿದಳು. ಚಂದಕವಾಡಿ ಹತ್ತಿರದ ಒಂದೂರಿಗೆ ಕೊಟ್ಟಳು. ಊರಿನ ಹೆಸರು ಬೇಡ. ಅಲ್ಲಿ ಮಾನವಂತರೂ ಇದ್ದಾರೆ.

ಹುಡುಗ ಶಶಿಕುಮಾರ. ಕೇರಳದಲ್ಲಿ, ವೈನಾಡಿನಲ್ಲಿ, ಶುಂಠಿ ತೋಟಕ್ಕೆ ಸೂಪರ್‌ವೈಸರ್ ಅಂದರು. ರೂಮು ಅದೆ, ಫ್ಯಾನು ಅದೆ, ಓನರ್ ಮನೆ ಊಟ ಅಂದರು. ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದು ಹೋಗುತ್ತಿದ್ದ. ಒಳ್ಳೆಯ ಪ್ಯಾಂಟು, ಒಳ್ಳೆಯ ಫೋನು, ಬೆನ್ನಿಗೊಂದು ಕಪ್ಪು ಬ್ಯಾಗು. ರಾಚಮ್ಮನಿಗೂ ಹೆಮ್ಮೆಯೇ. ಮಂಚ ಮಾಡಿಸಿದ್ದು ಗುಂಡ್ಲುಪೇಟೆಯ ಬಡಗಿಯ ಹತ್ತಿರ, ಸಿಲ್ವರ್ ಮರದಲ್ಲಿ. ಬಡಗಿಯ ಅಂಗಳದಿಂದ ಮಂಚ ನೇರವಾಗಿ ಮದುವೆ ಚಪ್ಪರಕ್ಕೆ ಹೋಯಿತು, ಚಪ್ಪರದಿಂದ ಗಂಡಿನ ಮನೆಗೆ. ಅದರ ಮೇಲೆ ಭೀಮನಬೀಡಿನ ಒಂದು ಕೂಸೂ ಮಲಗಿರಲಿಲ್ಲ. ಈ ಮಾತು ನೆನಪಿರಲಿ, ಯಾಕೆಂದರೆ ಇಷ್ಟು ಸರಳವಾದದ್ದು ಆ ಊರಿನ ಯಜಮಾನರ ತಲೆಗೆ ಇಳಿಯಲಿಲ್ಲ.

ಗಂಡನ ಮನೆಯಲ್ಲಿ ನಡೆದದ್ದನ್ನು ಲಕ್ಷ್ಮಿದೇವಿ ಹೇಳಿದಳು. ಮದುವೆಯಾಗಿ ಕೆಲವು ವಾರಕ್ಕೆ ಮೈ ಕಡಿತ ಶುರುವಾಯಿತು. ಮೊದಲು ಅವಳಿಗೆ, ಆಮೇಲೆ ಪಕ್ಕದ ಕೋಣೆಯಲ್ಲಿ ಮಲಗುವ ಅತ್ತೆ ಚಿಕ್ಕತಾಯಮ್ಮನಿಗೆ. ಸೊಳ್ಳೆ ಅಂದರು, ಕಾಯಿಲ್ ಹಚ್ಚಿದರು. ಸೊಳ್ಳೆ ಸತ್ತವು, ಕಡಿತ ನಿಲ್ಲಲಿಲ್ಲ. ನಾಯಿಯ ಮೈಮೇಲಿನ ಚಿಗಟ ಅಂದರು, ಮನೆ ಕಾಯುತ್ತಿದ್ದ ನಾಯಿಯನ್ನು ಹೊಡೆದು ಓಡಿಸಿದರು. ಕಾಲಿಗೆ ಹಾರಿ ಕಚ್ಚುವ ಚಿಗಟ ತೋಳಿಗೆ, ಕತ್ತಿಗೆ ಸಾಲು ಹಿಡಿದು ಯಾಕೆ ಕಚ್ಚುತ್ತದೆ ಎಂದು ಕೇಳಿದವರಿಲ್ಲ. ಆಮೇಲೆ ಕಜ್ಜಿ ಅಂದರು. ಮೆಡಿಕಲ್ ಸ್ಟೋರಿನವನು ಮೈಗೆಲ್ಲ ಬಳಿಯುವ ಮುಲಾಮು ಕೊಟ್ಟ. ಸೊಸೆಯ ಮೈಗೆ ಕಜ್ಜಿ ಅಂದಮೇಲೆ ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ. ಅದಕ್ಕೂ ನಿಲ್ಲದಾಗ ಅಮ್ಮನ ಮುನಿಸು ಅಂದರು, ಮಾರಮ್ಮನಿಗೆ ತಂಪು ಮಾಡಿದರು. ಅಮ್ಮ ಏನು ಮಾಡಬೇಕು? ಅವಳ ಗುಡಿಯ ಚಾಪೆ ಮೇಲೂ ಕೂತು ಬಂದರು.

ಕೊನೆಗೊಂದು ದಿನ ಚಿಕ್ಕತಾಯಮ್ಮ ಮಂಚದ ಕೆಳಗೆ ಕಸ ಗುಡಿಸುವಾಗ ಬಿಳಿ ಪುಡಿ ಕಂಡಳು. ಅಕ್ಕಿ ಹಿಟ್ಟಿನಂಥ ಪುಡಿ. ಮೇಲೆ ನೋಡಿದರೆ ಮಂಚದ ಕಾಲಿನಲ್ಲಿ ಸೂಜಿ ಚುಚ್ಚಿದಂಥ ತೂತು. ಅಲ್ಲೇ ಬೆರಳಾಡಿಸಿದಾಗ, ಕಾಲು ಪಟ್ಟಿಗೆ ಸೇರುವ ಸಂದಿನಿಂದ ಒಂದು ತಿಗಣೆ ಹೊರಗೆ ಬಿತ್ತು. ಮುಗಿಯಿತು. ಮಂಚದಲ್ಲೇ ತೂತು ಕೊರೆದು, ಪುಡಿ ಉದುರಿಸಿ, ಮಂಚದೊಳಗೇ ಹುಟ್ಟಿ ಬಂದಿದೆ ತಿಗಣೆ! ಕೊಳಕು ಮನೆಯವರು ಕೊಳಕು ಮಂಚ ಕೊಟ್ಟರು! ಮರುದಿನ ಲಗೇಜು ಆಟೋ ಬಂತು.

"ನಿನ್ ಗಂಡ ಏನಂದ?" ರಾಚಮ್ಮ ಕೇಳಿದಳು.

"ಅವ್ರು ಇದ್ರು ಕಣವ್ವ. ಮಂಚದ್ ಒಂದ್ ಕಾಲ ಅವ್ರೇ ಇಡ್ಕೊಂಡು ಆಟೋಗೆ ಏರಿಸಿದ್ರು."

"ಮಾತಾಡ್ಲಿಲ್ವಾ?"

"ಇಲ್ಲ."

ನಾನಿಲ್ಲಿ ತಿಗಣೆಯ ಬಗ್ಗೆ ನಾಲ್ಕು ಮಾತು ಬರೆಯಬೇಕು. ಚಳವಳಿ ಮಾಡಿ ಜೈಲು ಕಂಡವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ. ಹುರುಳಿ ಕಾಳನ್ನು ಬೆರಳಲ್ಲಿ ಅಮುಕಿ ಚಪ್ಪಟೆ ಮಾಡಿದಂಥ ಹುಳ. ರೆಕ್ಕೆ ಇಲ್ಲ, ನೆಗೆಯುವುದಿಲ್ಲ. ಗೋಡೆ ಸಂದಿ, ಹಲಗೆ ಸಂದಿ, ಹಾಸಿಗೆಯ ಹೊಲಿಗೆ, ಬ್ಯಾಗಿನ ಮಡಿಕೆ, ಇಷ್ಟು ಸಾಕು ಅದಕ್ಕೆ. ಇದ್ದ ಕಡೆ ಶಾಯಿ ಚುಕ್ಕೆಯಂಥ ಹಿಕ್ಕೆ ಬಿಡುತ್ತದೆ, ಕಳಚಿದ ಪೊರೆ ಬಿಡುತ್ತದೆ, ಕೊಳೆತ ಹಣ್ಣಿನಂಥ ಒಂದು ವಾಸನೆ ಬಿಡುತ್ತದೆ. ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ನಮ್ಮ ಉಪವಾಸ ಸತ್ಯಾಗ್ರಹಗಳು ಅದರ ಮುಂದೆ ಏನೂ ಅಲ್ಲ. ಅದಕ್ಕೆ ಕೊಳಕು ಬೇಕಿಲ್ಲ, ರಕ್ತ ಬೇಕು. ಗುಡಿಸಿ ಸಾರಿಸಿದ ಮನೆಯಲ್ಲೂ ಮನುಷ್ಯ ಮಲಗುತ್ತಾನಲ್ಲ, ಅಷ್ಟು ಸಾಕು. ಹಿಂದೆ ಮಲೇರಿಯಾ ಇಲಾಖೆಯವರು ಮನೆಮನೆಗೆ ಬಂದು ಗೋಡೆಗೆ ಪುಡಿ ಹೊಡೆದು ಹೋಗುತ್ತಿದ್ದ ಕಾಲದಲ್ಲಿ ಹಳ್ಳಿಗಳಲ್ಲಿ ತಿಗಣೆ ಕಾಣೆಯಾಯಿತು. ಈಗಿನ ಹುಡುಗರು ಅದನ್ನು ನೋಡಿಯೇ ಇಲ್ಲ. ನೋಡದ್ದಕ್ಕೆ ಹೆದರಿಕೆ ಹೆಚ್ಚು, ಹೆದರಿಕೆಗೆ ಬೈಗುಳ ಹೆಚ್ಚು. ಬೈಯಲಿಕ್ಕೆ ನಮ್ಮ ಕಡೆ ಯಾವಾಗಲೂ ಒಂದು ಹೆಣ್ಣು ತಯಾರಿರುತ್ತದೆ.

ಮಂಚ ಬೀದಿಯಲ್ಲೇ ಉಳಿಯಿತು. ಇಬ್ಬನಿ ಬಿದ್ದು ಕೆಟ್ಟು ಹೋಗುತ್ತದೆ ಎಂದು ಮರಿಯಪ್ಪ ಒಂದು ತುದಿ ಎತ್ತಿದ.

"ಒಳಿಕ್ಕೆ ತಂದೀಯೆ, ಕಾಲ್ ಮುರ್ದಾಕ್ಬುಡ್ತೀನಿ!" ರಾಚಮ್ಮ ಕೂಗಿದಳು. "ಅವ್ರು ಕಳ್ಸವ್ರೆ ಉಳಾನ. ನೀನು ಆರತಿ ಎತ್ತಿ ಒಳಿಕ್ಕೆ ಕರ್ಕೊ."

ಹಂಡೆಗೆ ಒಲೆ ಹಚ್ಚಿದಳು. ಲಕ್ಷ್ಮಿದೇವಿ ತಂದ ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿದಳು. ಮಂಚದ ಸಂದು ಸಂದಿಗೆ ಕುದಿ ನೀರು ಸುರಿದಳು. ಹುಳ ಉದುರಿದವು, ರವೆಯಂಥ ಮೊಟ್ಟೆ ತೊಳೆದು ಹೋದವು. ಬಿಸಿಲಿಗಿಟ್ಟರೆ ಸಾಯುತ್ತವಲ್ಲ ಅಂದ ನೆರೆಯವಳಿಗೆ, "ಬಿಸ್ಲು ಬಿದ್ರೆ ನೀ ನೆಳ್ಳಿಗೋಗಲ್ವಾ? ಅವೂ ಓಯ್ತವೆ, ಒಳ್ಗಡೆ," ಅಂದಳು. ಬೆಟ್ಟದ ಬುಡದ ತವರಲ್ಲಿ ಹಗ್ಗದ ಮಂಚಕ್ಕೆ ಅವಳ ಅವ್ವ ಹೀಗೇ ಮಾಡುತ್ತಿದ್ದಳಂತೆ. ಈ ಬೀದಿಯ ವಯಸ್ಸಾದ ಹೆಂಗಸರಿಗೆಲ್ಲ ಅದು ಗೊತ್ತಿದ್ದದ್ದೇ. ಗೊತ್ತಿದ್ದೂ ಹತ್ತಿರ ಬರಲಿಲ್ಲ. ನೋಡಿಕೊಂಡು ನಿಂತರು.

ಮರುದಿನದಿಂದ ಹೂವಿನ ಹೊಲದ ಕೆಲಸವೂ ನಿಂತಿತು. ಹೆಂಗಸರನ್ನು ಹೊಲಕ್ಕೆ ಒಯ್ಯುವ ಟೆಂಪೋ ಸೋಮೇಶನದು. ಬೀದಿ ತುದಿಗೆ ಬಂದು ಹಾರನ್ ಹೊಡೆದ, ರಾಚಮ್ಮ ಮೆಟ್ಟಿಲಿಗೆ ಕಾಲಿಟ್ಟಳು.

"ಅಕ್ಕ, ನೀ ಒಂದಷ್ಟ್ ದಿನ ಬುಡು. ಸೀಟಿಗೆ ಅತ್ಕೊಂಡ್ರೆ ನನ್ ಬಾಳು ಕೆಟ್ಟೋಯ್ತದೆ."

"ನಿನ್ ಟೆಂಪೋಲಿ ಸೀಟ್ ಎಲ್ಲದ್ಲಾ? ಕುರಿ ತುಂಬ್ದಂಗೆ ನಿಂತ್ಕೊಂಡು ಓಯ್ತೀವಿ. ತಿಗಣೆ ನಿನ್ನ ಟೈರಿಗೆ ಅತ್ಕೊಂಡದಾ?"

ಹೆಂಗಸರು ನಕ್ಕರು. ಆದರೆ ಯಾರೂ ಇಳಿಯಲಿಲ್ಲ. ಟೆಂಪೋ ಹೊರಟು ಹೋಯಿತು. ಹೊಲದ ಧಣಿ ಮರಿಮಲ್ಲಪ್ಪನವರ ಹೆಂಡತಿ ಶಾಂತಮಲ್ಲಮ್ಮ ಹೇಳಿ ಕಳಿಸಿದ್ದರು, ರಾಚಮ್ಮ ಬಂದರೆ ನಮ್ಮ ಜಗಲಿ ಹತ್ತುವುದು ಬೇಡ ಎಂದು. ಆ ಜಗಲಿಯನ್ನು ಅವಳು ಯಾವತ್ತೂ ಹತ್ತಿರಲಿಲ್ಲ. ಹತ್ತಲು ಬಿಟ್ಟಿರಲಿಲ್ಲ. ಈಗ ಅದಕ್ಕೊಂದು ಆರೋಗ್ಯದ ಕಾರಣ ಸಿಕ್ಕಿತ್ತು, ಅಷ್ಟೆ.

ಆ ದಿನವೇ ರಾಚಮ್ಮ ಗುಂಡ್ಲುಪೇಟೆಗೆ ನನ್ನ ಮನೆಗೆ ಬಂದಳು. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಅಣ್ಣ, ನ್ಯಾಯ ಸೇರಿಸ್ಬೇಕು. ಅವ್ರ್ ಊರಲ್ಲೇಯ, ಅವ್ರ್ ಚಾವಡೀಲೇಯ."

"ಪೊಲೀಸ್ ಕಂಪ್ಲೇಂಟ್ ಕೊಡಣ ಕಣವ್ವ. ವಕೀಲ್ರವ್ರೆ."

"ಪೊಲೀಸ್ನೋರು ಬಂದು ತಿಗಣೆ ಇಡೀತಾರಾ? ನಂಗೆ ಕೇಸ್ ಬ್ಯಾಡ. ನನ್ ಮಗ್ಳು ಕೊಳ್ಕು ಅಂತ ನಡು ಮಧ್ಯಾನ ಬೀದೀಲಿ ಕೂಗಿಸವ್ರೆ. ಅದು ನಿಮ್ ಮಗ್ಳದಲ್ಲ, ನಮ್ಮನೆಯಿಂದ ಬಂದದ್ದು ಅಂತ ಅವ್ರು ಅದೇ ಬೀದೀಲಿ, ಅದೇ ವೊತ್ನಲ್ಲಿ ನಿಂತ್ಕೊಂಡು ಯೇಳ್ಬೇಕು. ಅಷ್ಟೇಯ. ಆಮೇಕೆ ಕೂಸು ಗಂಡನ್ ಮನೇಗೆ ತಲೆ ಎತ್ಕೊಂಡು ಓಯ್ತದೆ."

ಅಷ್ಟೇ ಅವಳಿಗೆ ಬೇಕಿದ್ದದ್ದು. ಪಾಪ, ಅದೇ ಎಲ್ಲಕ್ಕಿಂತ ಕಷ್ಟದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಸರ್ಕಾರದ ಹತ್ತಿರ ನಿವೇಶನ ಕಿತ್ತುಕೊಂಡಿದ್ದೇವೆ. ಗಂಡಿನ ಕಡೆಯವರ ಬಾಯಿಂದ ತಪ್ಪಾಯಿತು ಎಂಬ ಒಂದು ಮಾತು ಕಿತ್ತುಕೊಂಡವರನ್ನು ನಾನು ಕಂಡಿದ್ದು ಕಡಿಮೆ.

ನ್ಯಾಯ ಸೇರಿದ್ದು ಭಾನುವಾರ ಬೆಳಿಗ್ಗೆ. ಚಾವಡಿಯ ಜಗಲಿ ಮೇಲೆ ಬೀದಿ ಯಜಮಾನ ಗೋವಿಂದಯ್ಯ, ಅವರ ಪಕ್ಕ ಇನ್ನಷ್ಟು ತಲೆಗಳು. ಕೆಳಗೆ ಒಂದು ಕಡೆ ಚಿಕ್ಕತಾಯಮ್ಮ, ಅವಳ ಗಂಡ ಬೆಟ್ಟಯ್ಯ, ಮಗ ಶಶಿಕುಮಾರ. ಇನ್ನೊಂದು ಕಡೆ ರಾಚಮ್ಮ, ಮರಿಯಪ್ಪ, ಲಕ್ಷ್ಮಿದೇವಿ, ನಾನು. ನನ್ನ ಹಸಿರು ಟವೆಲ್ ನೋಡಿ ಗೋವಿಂದಯ್ಯ ಮುಖ ಸಿಂಡರಿಸಿದರು. "ಸಂಘದೋರು ಸುಮ್ನೆ ಕೂತ್ಕಂಡು ಕೇಳಿ. ಇದು ಮನೆ ಇಚಾರ," ಅಂದರು. ಸುಮ್ಮನೆ ಕೂತೆ.

ಚಿಕ್ಕತಾಯಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ಜಗಲಿ ಮೇಲಿಟ್ಟಳು. ಅದರಲ್ಲಿ ಬಿಳಿ ಪುಡಿ.

"ನೋಡ್ಕಳಿ ಯಜಮಾನ್ರೇ. ಇವ್ರು ಕೊಟ್ಟ ಮಂಚದಿಂದ ಉದ್ರಿದ್ದು. ತಿಗಣೆ ಒಳ್ಗೇ ಗೂಡ್ ಕಟ್ಕೊಂಡು ಮರಾನೆಲ್ಲ ಪುಡಿ ಮಾಡದೆ."

ಗೋವಿಂದಯ್ಯ ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದರು. ಜ್ಞಾನ ಎಲ್ಲ ಮೂಗಿನಲ್ಲೇ ಇರುವ ಹಾಗೆ. "ಸಾಕ್ಷಿ ಅದೆಯಲ್ಲಪ್ಪ," ಅಂದರು. "ಏನಮ್ಮಿ ರಾಚಮ್ಮ, ಇದ್ಕೇನಂತೀಯೆ? ಇವ್ರು ಏನೂ ಕೇಳ್ತಿಲ್ಲ. ಆ ಮಂಚಾನ ಇಲ್ಲೇ ತಂದು ಸುಟ್ಬುಡಿ, ಹೊಸ್ದೊಂದು ಕೊಟ್ಬುಡಿ, ಎಣ್ಣುಡ್ಗೀನ ಕರ್ಕೊತಾರೆ. ದೊಡ್ಡ ಮನಸ್ಸು ಮಾಡವ್ರೆ."

ರಾಚಮ್ಮ ಎದ್ದು ಬಂದು ಪೊಟ್ಟಣ ನೋಡಿದಳು.

"ಇದು ಕುಟ್ಟೆ ಕಣಪ್ಪ."

"ಏನು?"

"ಕುಟ್ಟೆ ಉಳ. ಹಸಿ ಮರ್ದಲ್ಲಿ ಇರ್ತದೆ. ಮರ ಕೊರ್ದು ಪುಡಿ ಉದುರಿಸ್ತದೆ. ಬಡ್ಗಿ ಒಣಗ್ದೆ ಇರೋ ಮರ ಆಕ್ದ, ಅದು ನನ್ ತಪ್ಪು, ನೋಡಿ ತಕ್ಕೊಬೇಕಿತ್ತು. ಅದ್ಕೆ ಸೀಮೆಣ್ಣೆ ತುಂಬ್ತೀನಿ, ಸುಣ್ಣ ಬಳೀತೀನಿ. ಆದ್ರೆ ತಿಗಣೆಗೆ ಮರ ಕೊರ್ಯಕೆ ಹಲ್ ಎಲ್ಲದೆ? ಅದ್ಕಿರದು ಒಂದ್ ಸೂಜಿ. ಕುಟ್ಟೆ ಮರ ತಿಂತದೆ, ತಿಗಣೆ ಮನ್ಸನ್ನ ತಿಂತದೆ. ಯೇಳಿ ಯಜಮಾನ್ರೇ, ನಿಮ್ ಊರಲ್ಲಿ ಕಚ್ಚಿದ್ದು ಮಂಚಾನಾ, ಮನ್ಸರ್ನಾ?"

ಜಗಲಿಯ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಕಿಸಕ್ಕೆಂದಳು.

"ಎಲ್ಲಾ ಉಳಾನೂ ಒಂದೇಯ ಬುಡಮ್ಮಿ," ಗೋವಿಂದಯ್ಯ ಕೈ ಬೀಸಿದರು. "ಮಂಚದಲ್ಲಿ ಸಿಕ್ತು ಅಂದ್ಮೇಲೆ ಮಂಚದ್ದೇ."

"ಎಲ್ಲಾ ಉಳಾನೂ ಒಂದೇಯಾ? ಅಕ್ಕೀಲಿ ಉಳ ಕಂಡ್ರೆ ತಲೆ ಬೋಳಿಸ್ಕತೀರಾ, ಹೇನು ಅಂತ?"

ಈ ಸಲ ಬೆಟ್ಟಯ್ಯನಿಗೂ ನಗು ಬಂತು. ಹೆಂಡತಿ ದುರುಗುಟ್ಟಿದಳು, ನುಂಗಿಕೊಂಡ.

ರಾಚಮ್ಮ ನಿಲ್ಲಿಸಲಿಲ್ಲ. "ಹೊಸ ಮಂಚ. ಬಡ್ಗಿ ಅಂಗ್ಳದಿಂದ ಚಪ್ಪರಕ್ಕೆ ಬಂತು, ಚಪ್ಪರದಿಂದ ನಿಮ್ಮಟ್ಟಿಗೆ ಬಂತು. ಹಾಸ್ಗೆ ಪ್ಲಾಸ್ಟಿಕ್ ಕವರ್ನಲ್ಲಿ ಬಂತು, ನಿಮ್ಮಟ್ಟೀಲೇ ಬಿಚ್ಚಿದ್ದು. ಜನ ಮಲಗ್ದೆ ಇರೋ ಕಡೆ ತಿಗಣೆ ಸೇರಲ್ಲ. ನಮ್ ಬೀದೀಲಿ ಒಬ್ರಿಗೂ ಕಚ್ಚಿಲ್ಲ, ಬಂದ್ ನೋಡಿ. ಅಂಗಾದ್ರೆ ಯಾರೋ ಬೇರೆ ಕಡೆ ಮಲ್ಗೋರು ತಂದವ್ರೆ. ಅತ್ತೆ ಊರು ಬುಟ್ಟು ಓಗಿಲ್ಲ, ಮಾವ ಓಗಿಲ್ಲ, ನನ್ ಮಗ್ಳು ಓಗಿಲ್ಲ." ಅಳಿಯನ ಕಡೆ ತಿರುಗಿದಳು. "ಅಪ್ಪಾ ಶಶಿಕುಮಾರ, ನಿನ್ ಬ್ಯಾಗ್ ತರ್ತೀಯಾ?"

ಶಶಿಕುಮಾರ ನೆಲ ನೋಡಿದ. "ಬ್ಯಾಗ್ ಯಾಕೆ? ಅದು... ಬಟ್ಟೆ ಬ್ಯಾಗು ಅಷ್ಟೆ."

"ಬಟ್ಟೆ ಬ್ಯಾಗೇ ತಾ."

"ಯಾಕ್ ತರ್ಬೇಕು?" ಚಿಕ್ಕತಾಯಮ್ಮ ಎದ್ದಳು. "ನನ್ ಮಗ ಸೂಪರ್‌ವೈಸರು. ರೂಮಲ್ಲಿ ಫ್ಯಾನ್ ಕೆಳ್ಗೆ ಮಲ್ಗೋನು. ಅವನ್ ಬ್ಯಾಗಲ್ಲಿ ತಿಗಣೆ ನೋಡ್ತಾಳಂತೆ! ತೋರ್ಸ್ಲಾ, ಇವ್ಳ ಬಾಯ್ ಮುಚ್ಲಿ!"

"ಬ್ಯಾಡ ಕಣವ್ವ," ಅಂದ ಶಶಿಕುಮಾರ.

"ಯಾಕ್ ಬ್ಯಾಡ?"

"ಬ್ಯಾಡ ಅಂದ್ರೆ ಬ್ಯಾಡ."

ಅವನು ಹಾಗೆ ಅಂದದ್ದೇ ಚಿಕ್ಕತಾಯಮ್ಮನಿಗೆ ಕಿಡಿ ಹತ್ತಿತು. ಬೀದಿ ಜನರ ಮುಂದೆ ಬೀಗ್ತಿಯ ಕೈಯಲ್ಲಿ ಸೋಲುವುದೆ? ದಾಪುಗಾಲಿಟ್ಟು ಮನೆಗೆ ಹೋದಳು. ಶಶಿಕುಮಾರ ಹಿಂದೆ ಓಡಿದ, ಹಿಡಿಯಲಾಗಲಿಲ್ಲ. ಕಪ್ಪು ಬ್ಯಾಗು ತಂದು, ಎಲ್ಲರೂ ನೋಡುವಂತೆ ಎತ್ತಿ ಹಿಡಿದು, ಜಿಪ್ಪು ಎಳೆದು, ಚಾವಡಿ ಜಗಲಿಯ ಮೇಲೆ ಬೋರಲು ಸುರಿದಳು.

ಮಂಚದ ತಲೆಯ ಕಡೆ ಗೋಡೆಯ ಮೊಳೆಗೆ ನೇತು ಹಾಕಿರುತ್ತಿದ್ದ ಬ್ಯಾಗು ಅದು. ಬಟ್ಟೆ ಬಿದ್ದವು. ಒಂದು ಕಪ್ಪು ಕಂಬಳಿ ಬಿತ್ತು. ಕಂಬಳಿಯ ಅಂಚಿನ ಹೊಲಿಗೆಯ ಉದ್ದಕ್ಕೂ ಶಾಯಿ ಚುಕ್ಕೆ. ಜಿಪ್ಪಿನ ಪಟ್ಟಿಯ ಕೆಳಗೆ ಬಿಳಿ ಮೊಟ್ಟೆ ಸಾಲು, ಒಣಗಿದ ಪೊರೆ. ಆಮೇಲೆ ಅವೇ ಹೊರಗೆ ಬಂದವು. ದೊಡ್ಡವು ಕೆಂಪಗೆ, ಮರಿಗಳು ಬೆಳ್ಳಗೆ, ಬಿಸಿಲು ಕಂಡು ಕಂಗಾಲಾಗಿ ಯಜಮಾನರ ಕಡೆಗೇ ಹೊರಟವು. ನ್ಯಾಯ ಹೇಳಲು ಕೂತಿದ್ದ ಅಷ್ಟೂ ಜನ ಪಂಚೆ ಎತ್ತಿಕೊಂಡು ಜಗಲಿಯಿಂದ ಕೆಳಕ್ಕೆ ಹಾರಿದರು. ಗೋವಿಂದಯ್ಯನವರ ಒಂದು ಚಪ್ಪಲಿ ಮೇಲೆಯೇ ಉಳಿಯಿತು.

ಚಿಕ್ಕತಾಯಮ್ಮ ಖಾಲಿ ಬ್ಯಾಗು ಹಿಡಿದು ನಿಂತೇ ಇದ್ದಳು.

"ಎಲ್ಲೀದ್ಲಾ ಇದು?" ಅಂದಳು.

ಶಶಿಕುಮಾರ ಆಗ ಹೇಳಿದ. ಕೇಳಿದ್ದಕ್ಕೆ ಒಂದೊಂದೇ ಮಾತು. ಸೂಪರ್‌ವೈಸರ್ ಅಲ್ಲ, ಶುಂಠಿ ಅಗೆಯುವ ಕೂಲಿ. ರೂಮಿಲ್ಲ, ಟಾರ್ಪಾಲಿನ ಶೆಡ್ಡು; ಅಡಿಕೆ ಮರ ಸೀಳಿದ ದಬ್ಬೆ ಹೊಡೆದು ಮಾಡಿದ ಅಟ್ಟಣೆಯ ಮೇಲೆ ಸಾಲಾಗಿ ಮಲಗುವುದು. ದಬ್ಬೆಯ ಸಂದಿನಲ್ಲೆಲ್ಲ ಇದೇ. ಮದುವೆಗೆ ಮುಂಚಿನಿಂದಲೂ.

"ಅಂದ್ರೆ ನಿಂಗೆ ಗೊತ್ತಿತ್ತು," ಅಂದಳು ಚಿಕ್ಕತಾಯಮ್ಮ. "ನಾಯೀನ ಓಡ್ಸಿದ್ನಲ್ಲೋ. ಇವ್ಳಿಗೆ ಬ್ಯಾರೆ ತಟ್ಟೆ ಆಕಿದ್ನಲ್ಲೋ. ಮಂಚ ಏರಿಸ್ವಾಗ ಕಾಲ್ ಇಡ್ದ್ಯಲ್ಲೋ, ಮೂದೇವಿ!" ಖಾಲಿ ಬ್ಯಾಗಿನಲ್ಲೇ ಅವನ ತಲೆಗೆ, ಬೆನ್ನಿಗೆ ಬಡಿದಳು. ಬೆಟ್ಟಯ್ಯ ಬಿಡಿಸಿದ.

ಕೋಪ ಬರುವುದು ಇಲ್ಲಿ ನೋಡಿ. ಗಡಿ ದಾಟಿ ಹೋಗಿ ಬೇರೆಯವರ ಶುಂಠಿ ಅಗೆದು ಬರುವ ನಮ್ಮ ಹುಡುಗರನ್ನು ದನದ ಕೊಟ್ಟಿಗೆಗಿಂತ ಕಡೆಯಾದ ಶೆಡ್ಡಿನಲ್ಲಿ ಮಲಗಿಸುತ್ತಾರೆ. ದುಡ್ಡು ಹಾಕಿ ಅಲ್ಲಿ ತೋಟ ಮಾಡುವವರಲ್ಲಿ ನಮ್ಮ ತಾಲ್ಲೂಕಿನ ದೊಡ್ಡವರೂ ಇದ್ದಾರೆ. ಅವರ ಮನೆಯ ಹಾಸಿಗೆಗೆ ತಿಗಣೆ ಬರುವುದಿಲ್ಲ, ಬಂದರೂ ಅವರ ಸೊಸೆಯ ಹೆಸರು ಬೀದಿಗೆ ಬರುವುದಿಲ್ಲ. ರಕ್ತ ಹೀರಿಸಿಕೊಂಡ ಹುಡುಗ ಶೆಡ್ಡಿನ ಓನರನ್ನು ಒಂದು ಮಾತು ಕೇಳಲಿಲ್ಲ. ಕೂಲಿ ಅಂದರೆ ಅವಮಾನ ಎಂದು ಸೂಪರ್‌ವೈಸರ್ ಆದ. ಆ ಸುಳ್ಳು ಉಳಿಸಿಕೊಳ್ಳಲು ಹೆಂಡತಿಯ ಮೈಯನ್ನು ಕೊಳಕು ಮಾಡಿದ. ರಾಚಮ್ಮನೂ ಅದನ್ನೇ ಕೇಳಿದಳು: "ಕೂಲಿ ಮಾಡಾದು ನಾಚ್ಕೆಯೇನ್ಲಾ? ಕೂಲಿ ಮಾಡೇ ನಿಂಗೆ ಮಂಚ ಕೊಟ್ಟದ್ದು ನಾನು."



ಗೋವಿಂದಯ್ಯ ದೂರದಿಂದಲೇ ತೀರ್ಪು ಕೊಟ್ಟರು. "ಆದದ್ದಾಯ್ತು. ಎರಡು ಕಡೇದೂ ತಪ್ಪದೆ. ಸರಿ ಮಾಡ್ಕಂಡು ಓಗನ. ಎಣ್ಣುಡ್ಗಿ ಇಂದೇ ಬರ್ಲಿ."

"ಎರಡ್ ಕಡೇದು ಯಾವ್ದು? ನಮ್ ಕಡೆ ತಪ್ಪು ಯಾವ್ದು, ತೋರ್ಸಿ ಯಜಮಾನ್ರೇ."

"ಬುಡಮ್ಮಿ, ಎಳೀಬ್ಯಾಡ."

"ಎಳೀತೀನಿ. ನಮ್ ಬೀದಿಗ್ ಬನ್ನಿ, ನಡು ಮಧ್ಯಾನ. ಎಲ್ರೂ ಇರ್ವಾಗ ಯೇಳಿ, ತಿಗಣೆ ನಮ್ಮನೇದು ಅಂತ. ಆಮೇಕೆ ಕಳಿಸ್ತೀನಿ."

ಗಂಡಿನ ಕಡೆಯವರು ಹೆಣ್ಣಿನ ಬೀದಿಗೆ ಬಂದು ತಿಗಣೆಯ ತಪ್ಪೊಪ್ಪಿಗೆ ಮಾಡುವುದೆ? ಗೋವಿಂದಯ್ಯ ನಕ್ಕೇ ಬಿಟ್ಟರು. ನ್ಯಾಯ ಮುರಿಯಿತು. ಬಸ್ಸಿನಲ್ಲಿ ವಾಪಸು ಬರುವಾಗ ರಾಚಮ್ಮ, "ಬರಲ್ಲ ಕಣಣ್ಣ ಅವ್ರು. ಕೊಬ್ಬು," ಅಂದಳು. ನಾನೂ ಹಾಗೇ ಅಂದುಕೊಂಡೆ.

ಬಂದಳು. ಆ ವಾರದಲ್ಲೇ ಒಂದು ಮಧ್ಯಾಹ್ನ ಚಿಕ್ಕತಾಯಮ್ಮ ಒಬ್ಬಳೇ ಬಸ್ಸಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಲ್ಲಿಯ ಹತ್ತಿರ ಬಂದು ನಿಂತಳು. ಹೆಂಗಸರು ಕೊಡ ಇಟ್ಟುಕೊಂಡು ಸಾಲಿನಲ್ಲಿದ್ದರು. ರಾಚಮ್ಮನ ಮನೆಯ ಕಡೆ ನೋಡಲೂ ಇಲ್ಲ. ಜಗಳಕ್ಕೆ ನಿಂತವಳ ಹಾಗೆಯೇ ಗಂಟಲು ತೆಗೆದಳು.

"ಕೇಳ್ಕಳ್ರಮ್ಮ ಎಲ್ರೂ. ತಿಗಣೆ ನಮ್ಮಟ್ಟೀದು. ನನ್ ಮಗ ತಂದದ್ದು. ಸೊಸೇದಲ್ಲ, ಅವ್ರವ್ವಂದಲ್ಲ. ಮಂಚ ಹೊಸ್ದೇ ಇತ್ತು. ನಾನ್ ಗೊತ್ತಿಲ್ದೆ ಕಳಿಸ್ಬುಟ್ಟೆ. ಸಾಕಾ?"

ಟೆಂಪೋ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ ಸೋಮೇಶ ಬೀಡಿ ಕೆಳಗಿಟ್ಟ. ರಾಚಮ್ಮ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಬಂದು ಬೀಗ್ತಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟಳು, ಊಟಕ್ಕಿಟ್ಟಳು. ಹೊರಡುವಾಗ ಮಗಳ ಬಟ್ಟೆಯ ಬ್ಯಾಗು ತಾನೇ ತಂದು ಬಾಗಿಲಲ್ಲಿಟ್ಟಳು.

"ನಾ ಓಗಲ್ಲ," ಅಂದಳು ಲಕ್ಷ್ಮಿದೇವಿ.

"ಏನಂದೆ?"

"ಓಗಲ್ಲ ಕಣವ್ವ."

ರಾಚಮ್ಮನ ಕೋಪ ಈಗ ಮಗಳ ಮೇಲೆ ತಿರುಗಿತು. "ಇಷ್ಟ್ಕೇನಮ್ಮಿ ನಾನು ಊರೂರ್ ಮೇಲೆ ಒಡ್ದಾಡಿದ್ದು? ಬೀಗ್ತಿ ಬೀದೀಲಿ ನಿಂತ್ಕೊಂಡು ಯೇಳಿದ್ಲಲ್ಲ, ಕೇಳಿಸ್ಲಿಲ್ವಾ?"

"ನೀ ಒಡ್ದಾಡಿದ್ದು ಹೆಸ್ರಿಗೆ. ಹೆಸ್ರು ಬಂತು. ನಂಗೆ ಬ್ಯಾರೆ ತಟ್ಟೆ ಆಕ್ವಾಗ ಅತ್ತೆಗೆ ಗೊತ್ತಿರ್ಲಿಲ್ಲ. ಅವ್ರಿಗೆ ಗೊತ್ತಿತ್ತು. ಊರಿಗೆ ಬಂದಾಗೆಲ್ಲ ಪಕ್ದಲ್ ಕೂತು ಉಣ್ಣೋರು."

ಬ್ಯಾಗು ಬಾಗಿಲಲ್ಲೇ ಇತ್ತು. ಮರಿಯಪ್ಪ ಅದನ್ನೆತ್ತಿ ಒಳಗಿಟ್ಟ, ಯಾರನ್ನೂ ಕೇಳದೆ.

ಬಸ್ ಸ್ಟಾಪಿನವರೆಗೆ ಅತ್ತೆಯ ಜೊತೆ ಲಕ್ಷ್ಮಿದೇವಿಯೇ ಹೋದಳು. ದಾರಿಯುದ್ದಕ್ಕೂ ಹೇಳುತ್ತಲೇ ಹೋದಳು: ಕಂಬಳಿ ಬಟ್ಟೆ ಎಲ್ಲ ಕುದಿಯೋ ನೀರಿಗಾಕಿ. ಗೋಡೆ ಬಿರುಕಿಗೆ ಸಿಮೆಂಟು ಮೆತ್ತಿ, ಮೊಳೆ ಕಿತ್ತು ಆ ತೂತಿಗೂ ಮೆತ್ತಿ. ಗೊಬ್ಬರದಂಗಡಿ ಔಸ್ದಿ ತಂದು ಹೊಡೀಬೇಡಿ, ಸಾಯಲ್ಲ, ಪಕ್ಕದ ಕೋಣೆಗೋಯ್ತವೆ, ನಿಮ್ಗೇ ತಲೆ ಸುತ್ತತದೆ. ಮೊಟ್ಟೆ ಒಡ್ದು ಮರಿ ಬತ್ತವೆ, ಅದ್ಕೆ ಒಂದ್ ಸಲಕ್ಕೆ ಬುಡ್ಬೇಡಿ, ವಾರಕ್ಕೊಂದ್ ಸಲ ಕುದಿ ನೀರು ಸುರೀತಾ ಇರಿ. ನಾಯಿ ಸಿಕ್ರೆ ಕರ್ಕೊಳಿ.

ಚಿಕ್ಕತಾಯಮ್ಮ ಹೂಂ ಹೂಂ ಅನ್ನುತ್ತಾ ಬಂದಳು. ಗುಂಡ್ಲುಪೇಟೆ ಬಸ್ಸು ಬಂದು ನಿಂತಿತು. ಮೆಟ್ಟಿಲಿಗೆ ಒಂದು ಕಾಲಿಟ್ಟು ತಿರುಗಿದಳು.

"ಅವ್ನಿಗೆ ಏನಂತ ಯೇಳ್ಲಿ ಕೂಸೇ?"

"ಬಾಯಿ ಅದೆಯಾ ಅಂತ ಕೇಳಿ ಅತ್ತೆ," ಅಂದಳು ಲಕ್ಷ್ಮಿದೇವಿ.